ವೇಗ ಕಡಿಮೆ ಇರುವ ಪಿಚರ್ ಮೇಜರ್ ಲೀಗ್‌ವರೆಗೆ ಹೋಗಲು ಸಾಧ್ಯವಾ?

ನಿಮ್ಮ ಪ್ರಶ್ನೆ ಇದು: ಮಗನಿಗೆ 16 ವರ್ಷ, ಅಮೆರಿಕದಲ್ಲೇ ಬೆಳೆದವನು, ಹೈಸ್ಕೂಲ್ ಬೇಸ್‌ಬಾಲ್ ತಂಡದಲ್ಲಿ ಎಡಗೈ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಚೆಂಡನ್ನು ಹೇಳಿದ ಜಾಗಕ್ಕೆ ಹಾಕುತ್ತಾನೆ, ಆದರೆ ವೇಗ ಗಂಟೆಗೆ 80 ಮೈಲಿ ದಾಟುವುದಿಲ್ಲ. ಇಷ್ಟೇ ವೇಗದಲ್ಲಿ ವೃತ್ತಿಪರ ಪಿಚರ್ ಆಗಿ ಬಾಳಿದವರು ಯಾರಾದರೂ ಇದ್ದಾರಾ, ಅವರ ದಾರಿ ಹೇಗಿತ್ತು ಎಂದು ಕೇಳಿದ್ದೀರಿ.

ಇದ್ದಾರೆ. ಜೇಮೀ ಮೋಯರ್ ಅಂತ. ನಾನು ಸಿಯಾಟಲ್‌ಗೆ ಬಂದ ಹೊಸದರಲ್ಲಿ ಬೇಸ್‌ಬಾಲ್ ಕಲಿತದ್ದೇ ಅವರ ಆಟ ನೋಡಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೋಯರ್ ಹುಟ್ಟಿದ್ದು 1962ರಲ್ಲಿ, ಪೆನ್ಸಿಲ್ವೇನಿಯಾದಲ್ಲಿ. ಬೆಳೆದದ್ದು ಫಿಲಡೆಲ್ಫಿಯಾದಿಂದ ಸ್ವಲ್ಪ ದೂರದ ಸೌಡರ್ಟನ್ ಎಂಬ ಚಿಕ್ಕ ಊರಲ್ಲಿ. ಅವರೂ ಎಡಗೈನವರೇ. ಕಾಲೇಜಿಗೆ ಹೋದದ್ದು ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ಸ್‌ಗೆ. ಬೇಸ್‌ಬಾಲ್‌ಗೆ ದೊಡ್ಡ ಹೆಸರಿರುವ ಕಾಲೇಜು ಅದಲ್ಲ. 1984ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಆರನೇ ಸುತ್ತಿನಲ್ಲಿ ಶಿಕಾಗೊ ಕಬ್ಸ್ ತಂಡ ಅವರನ್ನು ಆರಿಸಿಕೊಂಡಿತು. ಎರಡು ವರ್ಷ ಕೆಳಹಂತದ ಮೈನರ್ ಲೀಗ್‌ನಲ್ಲಿ ಆಡಿ, 1986ರ ಜೂನ್ 16ರಂದು ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಮೊದಲ ಪಂದ್ಯ. ಎದುರಾಳಿ ಪಿಚರ್ ಯಾರು ಗೊತ್ತಾ? ಸ್ಟೀವ್ ಕಾರ್ಲ್‌ಟನ್. ಮೋಯರ್ ಚಿಕ್ಕಂದಿನಿಂದ ಆರಾಧಿಸುತ್ತಿದ್ದ ಫಿಲಡೆಲ್ಫಿಯಾದ ಎಡಗೈ ದಿಗ್ಗಜ. ಆ ಪಂದ್ಯವನ್ನು ಮೋಯರ್ ಗೆದ್ದರು.

ಇಲ್ಲಿಂದ ಎಲ್ಲ ಸಲೀಸಾಗಿ ಹೋಯಿತು ಅಂದುಕೊಳ್ಳಬೇಡಿ. ಕಬ್ಸ್ ಅವರನ್ನು ಟೆಕ್ಸಸ್‌ಗೆ ಕೊಟ್ಟಿತು. ಟೆಕ್ಸಸ್ 1990ರ ಕೊನೆಗೆ ಬಿಟ್ಟುಬಿಟ್ಟಿತು. ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವು, ಸೋಲನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ; 1991ರಲ್ಲಿ ಸೇಂಟ್ ಲೂಯಿಸ್ ಪರ ಇವರಿಗೆ ಐದು ಸೋಲು, ಒಂದೂ ಗೆಲುವಿಲ್ಲ. ಅಷ್ಟು ಹೊತ್ತಿಗೆ ಅವರ ಒಟ್ಟು ಲೆಕ್ಕ 34 ಗೆಲುವು, 54 ಸೋಲು. ವಯಸ್ಸು 29. 1992ರಲ್ಲಿ ಕಬ್ಸ್ ಮತ್ತೆ ಕರೆದು, ಸೀಸನ್ ಶುರುವಾಗುವ ಮುಂಚೆಯೇ ಕೈಬಿಟ್ಟಿತು. ಬೇಕಾದರೆ ಕೋಚ್ ಕೆಲಸ ಕೊಡುತ್ತೇವೆ ಅಂದಿತು. ಅಂದರೆ ಆಟ ಮುಗೀತು, ಇನ್ನು ಬೇರೆಯವರಿಗೆ ಕಲಿಸು ಅಂತ. ಆಗ ಅವರಿಗೆ ಮದುವೆಯಾಗಿತ್ತು, ಸಂಸಾರ ಇತ್ತು. ಒಪ್ಪಿಕೊಂಡಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಮೋಯರ್ ಬೇಡ ಅಂದರು. ಸ್ವಲ್ಪ ದಿನ ಮನೆಯಲ್ಲಿ ಕೂತರು. ಆಮೇಲೆ ಡೆಟ್ರಾಯಿಟ್ ತಂಡದ ಕೆಳಗಿರುವ ಟೊಲೆಡೊದ ಮೈನರ್ ಲೀಗ್ ತಂಡದಲ್ಲಿ ಜಾಗ ಸಿಕ್ಕಿತು. ಆ ವರ್ಷ ಪೂರ್ತಿ ಅಲ್ಲೇ ಕಳೆದರು, ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವೂ ಇಲ್ಲ.

ನಿಮ್ಮ ಮಗನಿಗೆ ನೀವು ಹೇಳಬೇಕಾದದ್ದು ಈ ಎರಡು ವರ್ಷದ ಕಥೆಯನ್ನೇ ಅಂತ ನನಗೆ ಅನ್ನಿಸುತ್ತೆ. ಯಾಕೆಂದರೆ ಈ ಹೊತ್ತಿನಲ್ಲಿ ಅವರ ವೇಗ ಹೆಚ್ಚಲಿಲ್ಲ, ಬದಲಾದದ್ದು ತಲೆ. 1991ರ ಸೀಸನ್ ಮುಗಿದ ಮೇಲೆ ಅವರು ಅರಿಜೋನಾಗೆ ಹೋಗಿ ಹಾರ್ವಿ ಡಾರ್ಫ್‌ಮನ್ ಎಂಬ ಕ್ರೀಡಾ ಮನಃಶಾಸ್ತ್ರದ ಗುರುವನ್ನು ಕಂಡರು. ಆಟಗಾರರು ಮನಸ್ಸಿನ ಸಹಾಯ ಕೇಳುವುದೇ ನಾಚಿಕೆ ಅಂದುಕೊಳ್ಳುತ್ತಿದ್ದ ಕಾಲ ಅದು. ಡಾರ್ಫ್‌ಮನ್ ಒತ್ತಿ ಹೇಳುತ್ತಿದ್ದದ್ದು ಸರಳ: ನಿನ್ನ ಕೈಯಲ್ಲಿರುವುದರ ಮೇಲೆ ಮಾತ್ರ ಗಮನ ಇಡು. ಯಾವ ಚೆಂಡು, ಯಾವ ಜಾಗಕ್ಕೆ, ಎಷ್ಟು ನಂಬಿಕೆಯಿಂದ ಎಸೆಯುತ್ತೀಯ, ಇಷ್ಟು ನಿನ್ನದು. ಬ್ಯಾಟರ್ ಹೊಡೆದನಾ, ಅಂಪೈರ್ ಏನಂದರು, ತಂಡ ಇಟ್ಟುಕೊಳ್ಳುತ್ತಾ ಬಿಡುತ್ತಾ, ಇದು ನಿನ್ನದಲ್ಲ. ಕೇಳುವುದಕ್ಕೆ ಸುಲಭ ಅಲ್ವಾ? ಕೆಲಸ ಹೋಗುವ ಭಯದಲ್ಲಿ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಮೇಲೆ ನಿಂತವನಿಗೆ ಇದು ಎಷ್ಟು ಕಷ್ಟ ಎಂದು ಯೋಚಿಸಿ ನೋಡಿ.

1993ರಲ್ಲಿ ಬಾಲ್ಟಿಮೋರ್ ತಂಡ ಅವಕಾಶ ಕೊಟ್ಟಿತು. 12 ಗೆಲುವು, 9 ಸೋಲು. 1996ರಲ್ಲಿ ಬಾಸ್ಟನ್, ಅದೇ ಜುಲೈನಲ್ಲಿ ಸಿಯಾಟಲ್ ಮ್ಯಾರಿನರ್ಸ್. ಆ ಸೀಸನ್ ಮುಗಿದಾಗ ಅವರಿಗೆ 34 ತುಂಬುತ್ತಿತ್ತು, ಒಟ್ಟು ಗೆಲುವು 72. ನಿವೃತ್ತಿ ಹೊತ್ತಿಗೆ ಅದು 269 ಆಗಿತ್ತು. ಬಹುತೇಕ ಪಿಚರ್‌ಗಳ ಕಥೆ ಮುಗಿಯುವ ವಯಸ್ಸಿನ ಮೇಲೆ ಅವರು 197 ಪಂದ್ಯ ಗೆದ್ದರು.

ಹೇಗೆ? ಇದನ್ನು ನಾನು ಕ್ರಿಕೆಟ್ ಮೂಲಕವೇ ಅರ್ಥ ಮಾಡಿಕೊಂಡೆ. ನಮ್ಮ ವೆಂಕಟೇಶ್ ಪ್ರಸಾದ್ ಅವರ ನಿಧಾನದ ಎಸೆತ ನೆನಪಿದೆಯಲ್ಲ? ಅದೇ ಓಟ, ಅದೇ ತೋಳು, ಆದರೆ ಚೆಂಡು ಬರುವುದೇ ಇಲ್ಲ, ಬ್ಯಾಟ್ ಮೊದಲೇ ಹೋಗಿರುತ್ತೆ. ಮೋಯರ್ ಅವರ ಚೇಂಜ್‌ಅಪ್ ಅದೇ ಜಾತಿಯದು. ಬೇಸ್‌ಬಾಲ್‌ನಲ್ಲಿ ಪಿಚರ್‌ನಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ. 90 ಮೈಲಿ ವೇಗದ ಚೆಂಡು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗಕ್ಕಿಂತ ಸ್ವಲ್ಪವೇ ಜಾಸ್ತಿ ಸಮಯ ತೆಗೆದುಕೊಳ್ಳುತ್ತೆ. ಹೊಡೆಯಬೇಕಾ ಬೇಡವಾ ಎಂದು ಬ್ಯಾಟರ್ ತೀರ್ಮಾನಿಸುವ ಹೊತ್ತಿಗೆ ಚೆಂಡು ಇನ್ನೂ ದಾರಿಯಲ್ಲೇ ಇರುತ್ತೆ. ಹಾಗಾಗಿ ಅವನು ನೋಡಿ ಹೊಡೆಯುವುದಕ್ಕಿಂತ ಅಂದಾಜಿನ ಮೇಲೆ ಹೊಡೆಯುವುದೇ ಹೆಚ್ಚು. ಅಂದಾಜು ಕೆಡಿಸಿದರೆ ಸಾಕು.

ಮೋಯರ್ ಅವರ ವೇಗದ ಚೆಂಡು ಸುಮಾರು 80ರಿಂದ 82 ಮೈಲಿ, ಅಂದರೆ 130 ಕಿಲೋಮೀಟರ್ ಆಸುಪಾಸು. ಚೇಂಜ್‌ಅಪ್ 70ರ ಆಚೀಚೆ. ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯದೆ ಅಂಗೈ ಒಳಕ್ಕೆ ಇಳಿಸಿ ಹಿಡಿದರೆ, ತೋಳು ಅದೇ ರಭಸದಲ್ಲಿ ಬಂದರೂ ಚೆಂಡಿನ ವೇಗ ತಗ್ಗುತ್ತೆ. ತೋಳು ನಿಧಾನ ಮಾಡಿದರೆ ಬ್ಯಾಟರ್‌ಗೆ ತಕ್ಷಣ ಗೊತ್ತಾಗುತ್ತೆ. ತೋಳು ಸುಳ್ಳು ಹೇಳಬೇಕು, ಅದೇ ವಿದ್ಯೆ. ಇದರ ಜೊತೆಗೆ ಇನ್ನೊಂದು: 80 ಮೈಲಿಯ ಚೆಂಡನ್ನೇ ಅವರು ಧೈರ್ಯವಾಗಿ ಬ್ಯಾಟರ್‌ನ ಮೈ ಹತ್ತಿರಕ್ಕೆ ಎಸೆಯುತ್ತಿದ್ದರು. ಒಳಗೆ ಬಂದ ಚೆಂಡು ಇರುವುದಕ್ಕಿಂತ ಜೋರಾಗಿ ಬಂದಂತೆ ಕಾಣುತ್ತೆ. ಬ್ಯಾಟರ್ ಅದಕ್ಕೆ ಅವಸರ ಮಾಡಿದ ಮೇಲೆ, ಹೊರಗಿನ ಅಂಚಿಗೆ ನಿಧಾನದ್ದು.

1997ರಲ್ಲಿ ಸಿಯಾಟಲ್‌ನಲ್ಲಿ ಇಬ್ಬರು ಎಡಗೈನವರಿದ್ದರು. ಒಬ್ಬರು ರ‍್ಯಾಂಡಿ ಜಾನ್ಸನ್, 6 ಅಡಿ 10 ಅಂಗುಲ ಎತ್ತರ, ನೂರರ ಹತ್ತಿರದ ವೇಗ, ಎದುರು ನಿಂತವರಿಗೆ ನಿಜಕ್ಕೂ ಹೆದರಿಕೆ. ಇನ್ನೊಬ್ಬರು ಮೋಯರ್. ಆ ವರ್ಷ ಜಾನ್ಸನ್ 20 ಗೆದ್ದು 4 ಸೋತರು, ಮೋಯರ್ 17 ಗೆದ್ದು 5 ಸೋತರು. ವೇಗದ ಬಗ್ಗೆ ಯಾರಾದರೂ ಮಾತಾಡಿದರೆ ನನಗೆ ಮೊದಲು ನೆನಪಾಗುವುದು ಈ ಎರಡು ಸಾಲು.

2001ರಲ್ಲಿ ಮ್ಯಾರಿನರ್ಸ್ 116 ಪಂದ್ಯ ಗೆದ್ದು 1906ರ ಕಬ್ಸ್ ದಾಖಲೆ ಸರಿಗಟ್ಟಿತು. ಎಲ್ಲರ ಕಣ್ಣು ಹೊಸದಾಗಿ ಬಂದ ಇಚಿರೊ ಮೇಲಿತ್ತು. ಮೋಯರ್ ಸದ್ದಿಲ್ಲದೆ 20 ಗೆದ್ದರು. 2003ರಲ್ಲಿ, 40ರ ವಯಸ್ಸಿನಲ್ಲಿ, 21 ಗೆದ್ದು ಮೊದಲ ಬಾರಿ, ಆ ವರ್ಷದ ಉತ್ತಮ ಆಟಗಾರರನ್ನು ಆರಿಸುವ ಆಲ್ ಸ್ಟಾರ್ ತಂಡಕ್ಕೆ ಹೋದರು. ಮಗನಿಗೆ ಈ ವಯಸ್ಸನ್ನು ಮರೆಯದೆ ಹೇಳಿ. ಆ ವರ್ಷವೇ ಸಮಾಜಸೇವೆಗಾಗಿ ಕೊಡುವ ರಾಬರ್ಟೊ ಕ್ಲೆಮೆಂಟೆ ಪ್ರಶಸ್ತಿಯೂ ಅವರಿಗೆ ಬಂತು. ಮನೆಯವರನ್ನು ಕಳೆದುಕೊಂಡ ಮಕ್ಕಳಿಗಾಗಿ ಅವರು ಮತ್ತು ಪತ್ನಿ ಕೇರನ್ ಸೇರಿ ಶಿಬಿರಗಳನ್ನು ಶುರು ಮಾಡಿದ್ದರು.

2006ರಲ್ಲಿ ಹುಟ್ಟೂರಿನ ಹತ್ತಿರದ ತಂಡವಾದ ಫಿಲಡೆಲ್ಫಿಯಾ ಫಿಲೀಸ್‌ಗೆ ಹೋದರು. 1980ರಲ್ಲಿ ಫಿಲೀಸ್ ಮೇಜರ್ ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಶಾಲೆ ತಪ್ಪಿಸಿ ವಿಜಯ ಮೆರವಣಿಗೆ ನೋಡಲು ಹೋಗಿದ್ದ ಹುಡುಗ ಇವರು. 2008ರಲ್ಲಿ ಅದೇ ತಂಡಕ್ಕೆ 16 ಪಂದ್ಯ ಗೆದ್ದುಕೊಟ್ಟರು, 45ರ ವಯಸ್ಸಿನಲ್ಲಿ. ಟ್ಯಾಂಪಾ ಬೇ ವಿರುದ್ಧದ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ ಶುರು ಮಾಡಿದ್ದು ಅವರೇ. ಹೊಟ್ಟೆ ಕೆಟ್ಟು ಸುಸ್ತಾಗಿದ್ದರು, ಮಳೆಯಿಂದ ಆಟ ರಾತ್ರಿ ಹತ್ತರ ಮೇಲೆ ಶುರುವಾಯಿತು. ಆದರೂ ಏಳನೇ ಇನ್ನಿಂಗ್ಸ್‌ವರೆಗೆ ಎಸೆದರು. ಫಿಲೀಸ್ 5-4ರಲ್ಲಿ ಗೆದ್ದಾಗ ಗಂಟೆ ಒಂದೂ ಮುಕ್ಕಾಲು. ಸರಣಿ ಗೆದ್ದ ಮೇಲೆ ಮೌಂಡ್ ಮೇಲಿನ ರಬ್ಬರ್ ಪಟ್ಟಿಯನ್ನು ಕೀಳಿಸಿಕೊಂಡು ಹೊತ್ತುಕೊಂಡು ಹೋದರು. ಈ ಸಲ ಮೆರವಣಿಗೆಯಲ್ಲಿ ಗಾಡಿ ಮೇಲಿದ್ದವರು ಅವರೇ.

2010ರಲ್ಲಿ ಮೊಣಕೈ ಕೈಕೊಟ್ಟಿತು. 48ರ ವಯಸ್ಸಿನಲ್ಲಿ ಟಾಮಿ ಜಾನ್ ಸರ್ಜರಿ ಮಾಡಿಸಿಕೊಂಡರು. ಮೊಣಕೈನ ಹರಿದ ಲಿಗಮೆಂಟ್ ಜಾಗಕ್ಕೆ ದೇಹದ ಬೇರೆ ಕಡೆಯ ಸ್ನಾಯುರಜ್ಜು ಜೋಡಿಸುವ ಶಸ್ತ್ರಚಿಕಿತ್ಸೆ ಅದು. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಎಡಗೈ ಪಿಚರ್‌ಗೆ. 2011 ಪೂರ್ತಿ ಮೋಯರ್ ಆಡಲಿಲ್ಲ. 2012ರ ಏಪ್ರಿಲ್ 17ರಂದು ಕೊಲರಾಡೊ ಪರ ಸ್ಯಾನ್ ಡಿಯಾಗೊ ವಿರುದ್ಧ ಗೆದ್ದಾಗ ಅವರಿಗೆ 49 ವರ್ಷ 151 ದಿನ. ಮೇಜರ್ ಲೀಗ್‌ನಲ್ಲಿ ಪಂದ್ಯ ಗೆದ್ದ ಅತಿ ಹಿರಿಯ ಪಿಚರ್ ಆದರು.

ಇನ್ನೊಂದು ದಾಖಲೆಯೂ ಅವರ ಹೆಸರಲ್ಲಿದೆ: ಅತಿ ಹೆಚ್ಚು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ತರಹದ ಹೊಡೆತ) ಹೊಡೆಸಿಕೊಂಡ ಪಿಚರ್, 522. ಇದನ್ನು ಕುಂದು ಅಂತ ನಾನು ಒಪ್ಪುವುದಿಲ್ಲ. ಅಷ್ಟು ಹೊಡೆಸಿಕೊಳ್ಳಬೇಕಾದರೆ 25 ಸೀಸನ್ ಯಾರಾದರೂ ಚೆಂಡು ಕೈಗೆ ಕೊಡಬೇಕು. ಹೋಮ್ ರನ್ ಹೋದ ಮೇಲೂ ಮುಂದಿನ ಚೆಂಡನ್ನು ಹೆದರದೆ ಅಂಚಿಗೆ ಹಾಕಬೇಕು.

ಈಗ ಕಹಿ ಮಾತು. ಇವತ್ತು ಈ ದಾರಿ ಮೊದಲಿಗಿಂತ ಕಿರಿದಾಗಿದೆ. ಮೇಜರ್ ಲೀಗ್‌ನಲ್ಲಿ ವೇಗದ ಚೆಂಡಿನ ಸರಾಸರಿಯೇ 94 ಮೈಲಿ ಹತ್ತಿರ ಇದೆ. ತಂಡಗಳಿಗೆ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಮೊದಲು ನೋಡುವುದು ವೇಗ ಅಳೆಯುವ ರಾಡಾರ್ ಗನ್. ಡ್ರಾಫ್ಟ್ ಈಗ 20 ಸುತ್ತು ಮಾತ್ರ. ಆಯ್ಕೆಯಾದರೂ ಮೈನರ್ ಲೀಗ್‌ನ ಹಂತಗಳಾದ ಎ, ಡಬಲ್ ಎ, ಟ್ರಿಪಲ್ ಎ ಅಂತ ವರ್ಷಗಟ್ಟಲೆ ಬಸ್ಸಿನಲ್ಲಿ ಸುತ್ತಬೇಕು. 2023ರ ಒಪ್ಪಂದದಲ್ಲಿ ಮೈನರ್ ಲೀಗ್ ಸಂಬಳ ಹೆಚ್ಚಾಯಿತು, ಆದರೂ ಟ್ರಿಪಲ್ ಎ ಆಟಗಾರನ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಎಂದು ನಿಗದಿಯಾಯಿತು. ಒಂದೇ ಮೆಟ್ಟಿಲು ಮೇಲೆ, ಮೇಜರ್ ಲೀಗ್‌ನಲ್ಲಿ, 2024ರ ಕನಿಷ್ಠ ಸಂಬಳ 7,40,000 ಡಾಲರ್. ಆ ಒಂದು ಮೆಟ್ಟಿಲ ಕೆಳಗೇ ಎಷ್ಟೋ ಪ್ರತಿಭೆಗಳು ನಿಂತುಹೋಗುತ್ತವೆ.

ಹಾಗಂತ ವೇಗ ಒಂದಿದ್ದರೆ ಆಯಿತು ಅಂತಲೂ ಅಲ್ಲ. ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರ ರಿಂಕು ಸಿಂಗ್ 2008ರಲ್ಲಿ ಭಾರತದಲ್ಲಿ ನಡೆದ ಸ್ಪರ್ಧೆಯೊಂದನ್ನು 87 ಮೈಲಿ ವೇಗದ ಎಸೆತದಿಂದ ಗೆದ್ದರು. ಪಿಟ್ಸ್‌ಬರ್ಗ್ ತಂಡ ಅವರನ್ನೂ ದಿನೇಶ್ ಪಟೇಲ್ ಅವರನ್ನೂ ಸೇರಿಸಿಕೊಂಡಿತು. ಅದೇ ವರ್ಷ ಮೋಯರ್ ಅದಕ್ಕಿಂತ ನಿಧಾನ ಎಸೆದು ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. ಬೇಸ್‌ಬಾಲ್ ಕಂಡೇ ಇರದ ಹುಡುಗ ಕೆಲವು ವರ್ಷ ಮೈನರ್ ಲೀಗ್‌ನಲ್ಲಿ ಗಟ್ಟಿಯಾಗಿ ಆಡಿದ್ದು ದೊಡ್ಡ ಸಾಧನೆಯೇ. ಗಾಯಗಳು ಅವರನ್ನು ಮೇಲೆ ಹೋಗಲು ಬಿಡಲಿಲ್ಲ.

ಹತ್ತಿರದ ಕಾಲದ ಉದಾಹರಣೆ ಬೇಕು ಅಂದರೆ ಕೈಲ್ ಹೆಂಡ್ರಿಕ್ಸ್ ಇದ್ದಾರೆ. ಬಲಗೈ, ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿದವರು, ವೇಗ 87-88ರ ಸುತ್ತ. 2016ರಲ್ಲಿ, ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲೇ ಅತ್ಯುತ್ತಮ 2.13 ಸರಾಸರಿ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಲೆಕ್ಕಕ್ಕೆ ಬರುವ ರನ್) ಅವರದು. ಕಬ್ಸ್ 108 ವರ್ಷದ ನಂತರ ವರ್ಲ್ಡ್ ಸೀರೀಸ್ ಗೆದ್ದ ಏಳನೇ ಪಂದ್ಯ ಶುರು ಮಾಡಿದ್ದೂ ಅವರೇ. ಅವರ ಮುಖ್ಯ ಅಸ್ತ್ರವೂ ಚೇಂಜ್‌ಅಪ್.

ನಿಮ್ಮ ಮಗನಿಗೆ ಇನ್ನೂ 16. ಮೈ ಬೆಳೆಯುತ್ತೆ, ವೇಗವೂ ಸ್ವಲ್ಪ ಬರುತ್ತೆ. ಆದರೆ ಸುಮ್ನೆ ವೇಗದ ಹಿಂದೆ ಓಡಿಸಬೇಡಿ. ಪ್ರತಿ ಚೆಂಡನ್ನೂ ಪೂರ್ತಿ ಬಲ ಹಾಕಿ ಎಸೆಯುವುದು, ವೇಗದ ಬೆನ್ನು ಹತ್ತುವುದು ಗಾಯಗಳಿಗೆ ಮುಖ್ಯ ಕಾರಣಗಳು ಎಂದು ಮೇಜರ್ ಲೀಗ್‌ನವರೇ 2024ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿದ್ದಾರೆ. ಅವರದೇ ಪಿಚ್ ಸ್ಮಾರ್ಟ್ ನಿಯಮದಂತೆ 15-16 ವಯಸ್ಸಿನವರು ದಿನಕ್ಕೆ 95ಕ್ಕಿಂತ ಹೆಚ್ಚು ಎಸೆಯಬಾರದು, 76 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ. ಶಾಲೆಯ ತಂಡ, ಬೇಸಿಗೆಯ ತಂಡ ಎರಡೂ ಇದ್ದರೆ ಒಟ್ಟು ಲೆಕ್ಕ ಯಾರೂ ಇಡುವುದಿಲ್ಲ. ಅದನ್ನು ನೀವೇ ಬರೆದಿಡಿ.

ಈ ಚಳಿಗಾಲ ಅವನಿಗೆ ಚೇಂಜ್‌ಅಪ್ ಕಲಿಸಬಲ್ಲ ಒಬ್ಬ ಕೋಚ್ ಹುಡುಕಿ. ಓದು ಚೆನ್ನಾಗಿದ್ದರೆ, ಸಣ್ಣ ಕಾರ್ಯಕ್ರಮ ಇದ್ದರೂ ಪರವಾಗಿಲ್ಲ, ಹೆಚ್ಚು ಇನ್ನಿಂಗ್ಸ್ ಸಿಗುವ ಕಾಲೇಜು ನೋಡಿ. ಮತ್ತೆ ಮೋಯರ್ 2010ರ ಮೇ 7ರಂದು ಅಟ್ಲಾಂಟಾ ವಿರುದ್ಧ ಆಡಿದ ಪಂದ್ಯದ ವಿಡಿಯೊ ಹುಡುಕಿ ಅವನ ಜೊತೆ ಕೂತು ನೋಡಿ. 47ರ ವಯಸ್ಸು, ಪಂದ್ಯದ ಒಂಬತ್ತೂ ಇನ್ನಿಂಗ್ಸ್, ಎರಡೇ ಹಿಟ್ (ಬ್ಯಾಟರ್ ಹೊಡೆದು ಬೇಸ್ ತಲುಪುವುದು), ರನ್ ಸೊನ್ನೆ. ಚೆಂಡನ್ನು ಬಿಟ್ಟು ಬ್ಯಾಟರ್‌ಗಳ ಮುಂಗಾಲನ್ನು ಗಮನಿಸಲು ಹೇಳಿ. ಯಾವ ಚೆಂಡಿಗೆ ಅದು ಬೇಗ ಮುಂದೆ ಬಿತ್ತು ಅಂತ ಅವನೇ ಗುರುತು ಹಾಕಿಕೊಳ್ಳಲಿ.