ಗೋಕರ್ಣದ ದಾರಿಗೆ ಯಾವ ಟೈರು? ಮೊದಲು ಮುಳ್ಳಿನ ಮಾತು

ಪ್ರಶ್ನೆ: ನಾನು ಕೊಪ್ಪಳದವನು. ನನ್ನ ಹತ್ತಿರ 26 ಇಂಚಿನ ಗೇರ್ ಸೈಕಲ್ ಇದೆ, ಮೌಂಟೇನ್ ಬೈಕ್. ಟೈರು 2.1 ಇಂಚು ಅಗಲ, ಮೇಲೆಲ್ಲ ದಪ್ಪ ಹಲ್ಲು. ಡಿಸೆಂಬರ್‌ನಲ್ಲಿ ಮೂವರು ಗೆಳೆಯರು ಸೇರಿ ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಗೋಕರ್ಣಕ್ಕೆ ಹೋಗಬೇಕು ಅಂತಿದ್ದೇವೆ. ಮೂರು ದಿನ, ಪೂರ್ತಿ ಡಾಂಬರು ರಸ್ತೆ. ಈ ಟೈರಿನಲ್ಲಿ ಮೂವತ್ತು ಕಿ.ಮೀ. ಹೋಗುವಷ್ಟರಲ್ಲಿ ಕಾಲು ಸೋಲುತ್ತವೆ. ತೆಳ್ಳಗಿನ ಟೈರು ಹಾಕಿಸು ಅಂತ ಒಬ್ಬರು ಹೇಳುತ್ತಾರೆ. ನಯವಾದ ಟೈರು ಜಾರುತ್ತೆ, ಬೇಡ ಅಂತ ಇನ್ನೊಬ್ಬರು. ಏನು ಮಾಡಲಿ ಸರ್?

ಉತ್ತರ: ಹಲ್ಲಿನ ಟೈರು ಬಿಚ್ಚಿಸಿಬಿಡಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ತೀರಾ ತೆಳ್ಳಗಿನದಕ್ಕೂ ಹೋಗಬೇಡಿ. ನಿಮಗೆ ಬೇಕಾದದ್ದು 1.5ರಿಂದ 1.75 ಇಂಚು ಅಗಲದ ಟೈರು. ಮೇಲೆ ನಯವಾಗಿರಬೇಕು, ಒಳಗೆ ಮುಳ್ಳು ತಡೆಯುವ ಪದರ ಇರಬೇಕು.

ಡಾಂಬರಿನ ಮೇಲೆ ನಿಮ್ಮ ಈಗಿನ ಟೈರು ಗುಂಯ್ ಅಂತ ಸದ್ದು ಮಾಡುತ್ತೆ ಅಲ್ವಾ? ಆ ಸದ್ದು ನಿಮ್ಮ ಕಾಲಿನ ಶಕ್ತಿಯೇ. ಚಕ್ರ ಉರುಳುವಾಗ ಒಂದೊಂದು ಹಲ್ಲೂ ನೆಲಕ್ಕೆ ಒತ್ತಿ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಪ್ರತಿ ಸಲವೂ ಸ್ವಲ್ಪ ಶಕ್ತಿ ಬಿಸಿಯಾಗಿ, ಸದ್ದಾಗಿ ಹೋಗಿಬಿಡುತ್ತದೆ. ಮೆತ್ತನೆ ಮಣ್ಣಿನಲ್ಲಿ ಈ ಹಲ್ಲು ನೆಲ ಕಚ್ಚಿ ಹಿಡಿಯುತ್ತವೆ, ಅಲ್ಲಿಗೆ ಅವು ಬೇಕು. ಗಟ್ಟಿ ರಸ್ತೆಯಲ್ಲಿ ಕಚ್ಚುವುದಕ್ಕೆ ಏನೂ ಇಲ್ಲ.

ಜಾರುತ್ತೆ ಅನ್ನುವುದು ಕಾರಿನ ಲೆಕ್ಕವನ್ನು ಸೈಕಲ್‌ಗೆ ತಂದಿದ್ದರಿಂದ ಬಂದ ಹೆದರಿಕೆ. ಕಾರಿನ ಅಗಲ ಟೈರು ಜೋರಾಗಿ ಓಡುವಾಗ ನೀರಿನ ಮೇಲೆ ತೇಲಬಹುದು. ಅದಕ್ಕೇ ಅದಕ್ಕೆ ಗೀರು ಬೇಕು. ಸೈಕಲ್ ಟೈರು ಕಿರಿದು, ಒಳಗಿನ ಗಾಳಿಯ ಒತ್ತಡ (ಪಿಎಸ್‌ಐ ಅಂದರೆ ಅದರ ಅಳತೆ) ಜಾಸ್ತಿ. 50 ಪಿಎಸ್‌ಐ ಗಾಳಿ ಇರುವ ಟೈರು ನೀರಿನ ಮೇಲೆ ತೇಲಬೇಕಾದರೆ ಗಂಟೆಗೆ ನೂರು ಕಿ.ಮೀ. ಮೀರಿ ಓಡಬೇಕು. ನಯವಾದ ರಬ್ಬರು ಡಾಂಬರಿಗೆ ಜಾಸ್ತಿ ತಾಗುತ್ತದೆ, ಹಿಡಿತವೂ ಜಾಸ್ತಿಯೇ. ರಸ್ತೆಯ ಬಿಳಿ ಪಟ್ಟಿ ಒದ್ದೆಯಾಗಿದ್ದರೆ, ಎಣ್ಣೆ ಚೆಲ್ಲಿದ್ದರೆ ಮಾತ್ರ ಹುಷಾರು. ಅಲ್ಲಿ ಹಲ್ಲಿನ ಟೈರೂ ಜಾರುತ್ತೆ.

ಈಗ ಮುಳ್ಳಿಗೆ ಬರುತ್ತೇನೆ. ನಮ್ಮ ಕಡೆ ಟೈರು ಆರಿಸುವಾಗ ವೇಗಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ.

ನೆಗ್ಗಿಲು ಮುಳ್ಳು ನಿಮಗೆ ಗೊತ್ತಿರುತ್ತದೆ. ಮಳೆಗಾಲದಲ್ಲಿ ನೆಲಕ್ಕೆ ಹಬ್ಬಿ ಹಳದಿ ಹೂ ಬಿಡುವ ಬಳ್ಳಿ. ಡಿಸೆಂಬರ್ ಹೊತ್ತಿಗೆ ಕಾಯಿ ಒಣಗಿ, ಚೂರಾಗಿ ರಸ್ತೆ ಅಂಚಿಗೆ ಬಿದ್ದಿರುತ್ತದೆ. ಚೂರು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಲ್ಲುತ್ತದೆ. ಅದರ ಜೊತೆಗೆ ಜಾಲಿ ಇದೆ. ಬೇಲಿಗೆ, ಸೌದೆಗೆ ಅಂತ ಕಡಿದು ಟ್ರ್ಯಾಕ್ಟರ್‌ನಲ್ಲಿ ಒಯ್ಯುವಾಗ ಮುಳ್ಳಿನ ಟೊಂಗೆ ದಾರಿಗೆ ಉದುರುತ್ತವೆ. ಆ ಗಿಡಕ್ಕೆ ಬಳ್ಳಾರಿ ಜಾಲಿ ಅಂತಲೇ ಹೆಸರು! ಹೆದ್ದಾರಿಯಲ್ಲಿ ಮೂರನೆಯದೂ ಒಂದಿದೆ. ಲಾರಿ ಟೈರು ಒಡೆದಾಗ ಅದರೊಳಗಿನ ಕೂದಲಿನಂಥ ಉಕ್ಕಿನ ತಂತಿ ಚೂರಾಗಿ ಅಂಚಿಗೆ ಸರಿಯುತ್ತದೆ. ಸೈಕಲ್ ಹೋಗುವುದೂ ಅದೇ ಅಂಚಿನಲ್ಲಿ.

ಒಮ್ಮೆ ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವಾಗ ಕುಡತಿನಿ ಹತ್ತಿರ ಚಹಾ ಕುಡಿಯಲು ನಿಂತೆ. ಸೈಕಲ್ಲನ್ನು ಹತ್ತು ಹೆಜ್ಜೆ ಮಣ್ಣಿನಲ್ಲಿ ತಳ್ಳಿಕೊಂಡು ಹೋಗಿ ಗೋಡೆಗೆ ಒರಗಿಸಿದೆ, ಅಷ್ಟೇ. ಚಹಾ ಮುಗಿಯುವಷ್ಟರಲ್ಲಿ ಎರಡೂ ಚಕ್ರದ ಹವಾ ಇಳಿದಿತ್ತು. ಹಿಂದಿನ ಟ್ಯೂಬಿನಲ್ಲಿ ನಾಲ್ಕು ತೂತು. ನನ್ನದು ಆಗ ತೆಳ್ಳಗಿನ, ಹಗುರ ಟೈರು. ಆವತ್ತಿನಿಂದ ಡಾಂಬರು ಬಿಟ್ಟು ಇಳಿಯುವಾಗ ನಾನು ಸೈಕಲ್ಲನ್ನು ಎತ್ತಿಕೊಂಡೇ ಹೋಗುತ್ತೇನೆ. ನೀವೂ ಹಾಗೇ ಮಾಡಿ.

ಆದ್ದರಿಂದ ರಬ್ಬರಿನ ಕೆಳಗೆ ದಪ್ಪ ಪದರ ಇರುವ ಟೈರು ಹುಡುಕಿ. ಜರ್ಮನಿಯ ಶ್ವಾಲ್ಬೆ ಕಂಪನಿಯ ಮ್ಯಾರಥಾನ್ ಟೈರಿನಲ್ಲಿ ಈ ಪದರ 3 ಮಿ.ಮೀ. ಇರುತ್ತದೆ, ಮ್ಯಾರಥಾನ್ ಪ್ಲಸ್‌ನಲ್ಲಿ 5 ಮಿ.ಮೀ. ಪ್ಲಸ್ ಭಾರ, ಒಂದೊಂದು ಟೈರು ಕಿಲೋ ಹತ್ತಿರ ತೂಗುತ್ತದೆ. ಆದರೂ ಈ ದಾರಿಗೆ ನಾನಾದರೆ ಅದನ್ನೇ ಹಾಕುತ್ತೇನೆ. ಬೆಲೆ ಕೈಗೆಟುಕದಿದ್ದರೆ ನಮ್ಮ ದೇಶದ ಕಂಪನಿಗಳ ನಯ ಟೈರೂ ಆದೀತು. ಅದರ ಜೊತೆ ಟ್ಯೂಬಿನೊಳಗೆ ಸೀಲಂಟ್ ಹಾಕಿಸಿ. ನೆಗ್ಗಿಲಿನ ಸಣ್ಣ ತೂತನ್ನು ಅದು ಮುಚ್ಚುತ್ತದೆ. ಒಂದು ಎಚ್ಚರಿಕೆ: ಡಬ್ಬಿ ಮೇಲೆ ಕೆವ್ಲಾರ್ (ಬಲು ಗಟ್ಟಿಯಾದ ಒಂದು ಬಗೆಯ ನೂಲು) ಅಂತ ಬರೆದಿದ್ದ ಮಾತ್ರಕ್ಕೆ ಮುಳ್ಳು ತಡೆಯುತ್ತದೆ ಅಂದುಕೊಳ್ಳಬೇಡಿ. ಟೈರನ್ನು ಮಡಚಲು ಬರಲಿ ಅಂತ ಅಂಚಿನ ತಂತಿಯ ಬದಲು ಕೆವ್ಲಾರ್ ಹಾಕುವುದುಂಟು. ಪದರ ಎಲ್ಲಿದೆ ಅಂತ ಕೇಳಿಯೇ ಕೊಳ್ಳಿ.

ಕೊಳ್ಳುವಾಗ ಇನ್ನೊಂದು ಕಡೆ ಮೋಸ ಹೋಗುವ ಸಂಭವ ಇದೆ. 26 ಇಂಚು ಅಂದರೆ ಎಲ್ಲವೂ ಒಂದೇ ಅಲ್ಲ. ನಿಮಗೆ ಬೇಕಾದದ್ದು 26 × 1.50 ಅಥವಾ 26 × 1.75, ಅಂದರೆ ಚುಕ್ಕಿ ಇರುವ ಅಂಕಿ. 26 × 1 3/8 ಅಂತ ಭಿನ್ನರಾಶಿಯಲ್ಲಿ ಬರೆದದ್ದು ಬೇರೆ ರಿಮ್ಮಿನದು, ನಿಮ್ಮ ಚಕ್ರಕ್ಕೆ ಕೂರುವುದೇ ಇಲ್ಲ. ನನಗೆ ಒಂದು ಅಂಗಡಿಯಲ್ಲಿ ಅದನ್ನೇ ಕಟ್ಟಿಕೊಟ್ಟಿದ್ದರು. ಮನೆಗೆ ಬಂದು ಅರ್ಧ ದಿನ ಒದ್ದಾಡಿದ ಮೇಲೆ ಅಂಕಿ ಓದಿದೆ. ಟೈರಿನ ಪಕ್ಕದಲ್ಲಿ 47-559 ಥರ ಇನ್ನೊಂದು ಅಂಕಿ ಇರುತ್ತದೆ. 47 ಅಂದರೆ ಅಗಲ, ಮಿಲಿಮೀಟರ್‌ನಲ್ಲಿ. 559 ಅಂದರೆ ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ನಿಮ್ಮ ಹಳೇ ಟೈರಿನ ಮೇಲೂ 559 ಅಂತಲೇ ಇದ್ದರೆ ಕಣ್ಣು ಮುಚ್ಚಿ ತನ್ನಿ. ಮೇಲೆ ಹೇಳಿದ 1 3/8 ಟೈರಿನಲ್ಲಿ ಇದು 590 ಇರುತ್ತದೆ. ನಿಮ್ಮ ಗೆಳೆಯರ ಸೈಕಲ್ 27.5 ಇಂಚಿನದಾದರೆ 584, 29 ಆದರೆ 622 ನೋಡಬೇಕು.

ಟ್ಯೂಬೂ ಹೊಸ ಅಗಲಕ್ಕೆ ತಕ್ಕದ್ದು ತನ್ನಿ. ದೊಡ್ಡ ಟ್ಯೂಬು ಒಳಗೆ ಮಡಚಿಕೊಂಡು ಅಲ್ಲೇ ಸವೆಯುತ್ತದೆ. ಬೈಕಿನ ಥರದ ದಪ್ಪ ವಾಲ್ವ್ ಇರುವುದನ್ನೇ ಕೇಳಿ. ದಾರಿಯ ಯಾವ ಪಂಕ್ಚರ್ ಅಂಗಡಿಯಲ್ಲೂ ಹವಾ ಸಿಗುತ್ತೆ.

ಗಾಳಿ ಎಷ್ಟು? ನಿಮ್ಮ ತೂಕ ಎಪ್ಪತ್ತು ಕಿಲೋ ಆಸುಪಾಸು ಇದ್ದರೆ ಹಿಂದೆ 55, ಮುಂದೆ 45 ಪಿಎಸ್‌ಐನಿಂದ ಶುರು ಮಾಡಿ. ಟೈರಿನ ಪಕ್ಕದಲ್ಲಿ ಬರೆದ ಮಿತಿ ದಾಟಬೇಡಿ. ಸುಮ್ನೆ ಕಲ್ಲಿನಂತೆ ತುಂಬಿಸಿದರೆ ಸೈಕಲ್ ಕುಣಿಯುತ್ತದೆ, ಮೂರನೇ ದಿನ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದ ಇಳಿಜಾರು ಬರುತ್ತದೆ. ನಿಮ್ಮ ಬ್ರೇಕು ರಿಮ್ಮನ್ನೇ ಹಿಡಿಯುವಂಥದ್ದಾದರೆ ಒಂದೇ ಸಮ ಒತ್ತಿಕೊಂಡು ಇಳಿಯಬೇಡಿ. ರಿಮ್ಮು ಕಾದು ಒಳಗಿನ ಗಾಳಿಯೂ ಕಾಯುತ್ತದೆ. ಬಿಟ್ಟು ಬಿಟ್ಟು ಹಿಡಿಯಿರಿ, ನಡುವೆ ಒಂದೆರಡು ಕಡೆ ನಿಲ್ಲಿ.

ಎರಡು ಟ್ಯೂಬು, ಪಂಕ್ಚರ್ ಸಾಮಾನು, ಟೈರು ಬಿಚ್ಚುವ ಕಡ್ಡಿ, ಕೈಪಂಪು ಜೊತೆಗಿರಲಿ. ಹಳೇ ಟೈರಿನ ಅಂಗೈಯಗಲ ತುಂಡನ್ನೂ ಇಟ್ಟುಕೊಳ್ಳಿ. ಟೈರಿನ ಪಕ್ಕ ಹರಿದರೆ ಒಳಗಿನಿಂದ ಅದನ್ನು ಒತ್ತುಕೊಟ್ಟು ಮುಂದಿನ ಊರು ಮುಟ್ಟಬಹುದು.

ಹೊರಡುವ ಎರಡು ವಾರ ಮೊದಲೇ ಹೊಸ ಟೈರು ಹಾಕಿಸಿ. ಚೀಲಗಳನ್ನೆಲ್ಲ ಕಟ್ಟಿಕೊಂಡು ಒಂದು ಬೆಳಿಗ್ಗೆ ಹುಲಿಗೆಮ್ಮನ ಗುಡಿ ಇರುವ ಹುಲಿಗಿಗೆ ಹೋಗಿ ಬನ್ನಿ, ಹುಣ್ಣಿಮೆಯ ಜನಜಂಗುಳಿ ಬಿಟ್ಟು. ವಾಪಸ್ ಬಂದ ಮೇಲೆ ಟೈರಿನ ಸುತ್ತ ನಿಧಾನಕ್ಕೆ ನೋಡಿ, ಸಿಕ್ಕಿಕೊಂಡ ಮುಳ್ಳು, ತಂತಿ ಕಿತ್ತು ತೆಗೆಯಿರಿ. ಹುಬ್ಬಳ್ಳಿಯಲ್ಲಿ, ಯಲ್ಲಾಪುರದಲ್ಲಿ ತಂಗಿದಾಗಲೂ ಮಲಗುವ ಮುಂಚೆ ಹೀಗೇ ಮಾಡಿ. ಪದರದಲ್ಲಿ ನಿಂತ ಮುಳ್ಳನ್ನು ಹಾಗೇ ಬಿಟ್ಟರೆ ಮರುದಿನ ಅದು ಟ್ಯೂಬು ಮುಟ್ಟುತ್ತದೆ.