ಬಿಸಿಲಿದ್ದೂ ದೀಪವೇಕೆ?

ಪ್ರಶ್ನೆ: ಪುಣೆಯಲ್ಲಿ ಎಂ.ಎಸ್ಸಿ. ಓದುವ ನನ್ನ ಮಗಳು ಸೌರಕೋಶಗಳನ್ನು ಕೋಣೆಯೊಳಗೆ ದೀಪದಡಿ ಪರೀಕ್ಷಿಸುತ್ತಾರೆ ಎನ್ನುತ್ತಾಳೆ. ಹೊರಗೆ ಇಷ್ಟು ಬಿಸಿಲಿರುವಾಗ ಹೀಗೇಕೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬಿಸಿಲು ಧಾರಾಳವಾಗಿದ್ದರೂ ಗಳಿಗೆಗೊಮ್ಮೆ ಬದಲಾಗುತ್ತದೆ, ಮುಂಬಯಿಯ ಜುಲೈ ತಿಂಗಳ ಆಕಾಶವನ್ನು ನಂಬಿಕೊಂಡು ಅಳತೆಗೆ ಕೂರುವಂತೆಯೇ ಇಲ್ಲ. ಪೊವಾಯಿಯ ಐಐಟಿಯಲ್ಲಿ ಅಳೆದ ಕೋಶವನ್ನು ಜರ್ಮನಿಯಲ್ಲಿ ಅಳೆದ ಕೋಶದೊಂದಿಗೆ ಹೋಲಿಸಬೇಕಾದರೆ ಎರಡೂ ಕಡೆ ಒಂದೇ ಬಗೆಯ ಬೆಳಕು ಬೇಕು. ಆದ್ದರಿಂದ ಚದರ ಮೀಟರಿಗೆ 1000 ವ್ಯಾಟ್ ಬೆಳಕು, 25 ಡಿಗ್ರಿ ಸೆಲ್ಸಿಯಸ್ ಕೋಶದ ಉಷ್ಣತೆ ಮತ್ತು ‘ಎಎಂ 1.5’ ಎಂಬ ನಿಗದಿತ ರೋಹಿತ (ವಾತಾವರಣವನ್ನು ಓರೆಯಾಗಿ ದಾಟಿ ಬಂದ ಬಿಸಿಲಿನಲ್ಲಿ ಯಾವ ಬಣ್ಣದ ಬೆಳಕು ಎಷ್ಟು ಎಂಬ ಹಂಚಿಕೆ) ಇವುಗಳನ್ನು ಮಾನದಂಡವಾಗಿ ಒಪ್ಪಲಾಗಿದ್ದು, ಕ್ಸೆನಾನ್ ಅಥವಾ ಎಲ್‌ಇಡಿ ದೀಪಗಳಿರುವ ಸೋಲಾರ್ ಸಿಮ್ಯುಲೇಟರ್ ಅಂಥ ಬೆಳಕನ್ನು ಒದಗಿಸುತ್ತದೆ. ಅದರಡಿ ಕೋಶಕ್ಕೆ ವೋಲ್ಟೇಜನ್ನು ಹಂತಹಂತವಾಗಿ ಬದಲಿಸುತ್ತ ವಿದ್ಯುತ್ ಪ್ರವಾಹವನ್ನು ದಾಖಲಿಸುತ್ತಾರೆ; ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಿದ್ಯುತ್ತಾಯಿತು ಎಂಬ ದಕ್ಷತೆ ಇದರಿಂದ ತಿಳಿಯುತ್ತದೆ.

ಉಪಕರಣ ದುಬಾರಿಯಾದ ಮಾತ್ರಕ್ಕೆ ಫಲಿತಾಂಶ ನಂಬಲರ್ಹವಾಗದು. ಪ್ರಯೋಗಾಲಯದ ಪುಟ್ಟ ಕೋಶದ ಮೇಲೆ, ಅಳೆದು ಕೊರೆದ ಕಿಂಡಿಯಿರುವ ಕಪ್ಪು ಲೋಹದ ತಗಡನ್ನು ಇಡದಿದ್ದರೆ ಅಂಚಿನ ಬೆಳಕೂ ಒಳಸೇರಿ ದಕ್ಷತೆ ಸುಳ್ಳಾಗಿ ಹೆಚ್ಚುತ್ತದೆ. ಪೆರೋವ್‌ಸ್ಕೈಟ್ ಎಂಬ ಹರಳು ರಚನೆಯ ವಸ್ತುವಿನಿಂದಾದ ಹೊಸ ಬಗೆಯ ಕೋಶಗಳಲ್ಲಂತೂ ವೋಲ್ಟೇಜನ್ನು ಏರಿಸುವಾಗ ಒಂದು ಉತ್ತರ, ಇಳಿಸುವಾಗ ಇನ್ನೊಂದು ಬರುವುದುಂಟು; ಎರಡನ್ನೂ ವರದಿ ಮಾಡುವುದೇ ಪ್ರಾಮಾಣಿಕ ಕ್ರಮ.

ಮೊಬೈಲ್ ಪರದೆಯ ಓಎಲ್‌ಇಡಿ (ವಿದ್ಯುತ್ ಹರಿದಾಗ ಬೆಳಗುವ ಸಾವಯವ ತೆಳುಪದರ) ಸಂಶೋಧನೆಯಲ್ಲೂ ಇಂಥ ಕೋಶಗಳ ತಯಾರಿಗೆ ಬೇಕಾಗುವ, ತೆಳುಪದರ ಹಚ್ಚುವ ಸ್ಪಿನ್ ಕೋಟರ್, ತೇವಾಂಶ ತಡೆಯುವ ಗ್ಲವ್ ಬಾಕ್ಸ್‌ಗಳೇ ಬಳಕೆಯಾಗುತ್ತವೆ. ಅಲ್ಲಿ ವಿದ್ಯುತ್ ಕೊಟ್ಟು, ಹೊಮ್ಮುವ ಬೆಳಕನ್ನು ಅಳೆಯುತ್ತಾರೆ.