ಕಾರವಾರದ ಸೆಕೆಗೆ ರೋಗ ತಡೆಯುವ ಬೀನ್ಸ್ ತಳಿ ಯಾವುದು?

ಕಾರವಾರದ ಹಿತ್ತಲಲ್ಲಿ ಬೀನ್ಸ್ ಹಾಕಿದಾಗೆಲ್ಲ ರೋಗ ಬರುತ್ತದೆ, ಯಾವ ತಳಿ ಒಳ್ಳೆಯದು ಅಂತ ಕೇಳಿದ್ದೀರಿ. ಮೊದಲು ಒಂದು ಎಲೆ ಮಗುಚಿ ನೋಡಿ. ಅಡಿಯಲ್ಲಿ ಕಂದು ಬಣ್ಣದ ಸಣ್ಣ ಗುಳ್ಳೆಗಳಿದ್ದು, ಉಜ್ಜಿದರೆ ಬೆರಳಿಗೆ ಪುಡಿ ಅಂಟಿದರೆ ಅದು ತುಕ್ಕು ರೋಗ. ಎಲೆ ಅಲ್ಲಲ್ಲಿ ಸುಟ್ಟಂತಾಗಿ ಸುತ್ತ ಹಳದಿ ಅಂಚು ಕಂಡರೆ ದುಂಡಾಣು ಅಂಗಮಾರಿ. ಎರಡನ್ನೂ ತಡೆಯುವ ತಳಿ ಅರ್ಕಾ ಅನೂಪ್. ಇದು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯದು.

ಆದರೆ ರೋಗ ತಡೆದರೆ ಸಾಲದು, ಸೆಕೆಯನ್ನೂ ತಡೆಯಬೇಕಲ್ವಾ? 30 ಡಿಗ್ರಿ ದಾಟಿದರೆ ಬೀನ್ಸ್ ಹೂವು ಉದುರುವುದು ಜಾಸ್ತಿ. ಕಾರವಾರದಲ್ಲಿ ಜನವರಿ ಮಧ್ಯಾಹ್ನವೂ ಅಷ್ಟು ಬಿಸಿ ಇರುತ್ತದೆ. ಶಿರಸಿಯ ತಂಪಿಗೆ ಬೀನ್ಸ್ ಸರಿ. ಕರಾವಳಿಯವರು ಅಲಸಂದೆ ಹಾಕಿ ಅಂತಲೇ ನನ್ನ ಸಲಹೆ. ಅದು ಬಿಸಿಲಿನ ಬೆಳೆ, ಗದ್ದೆ ಕೊಯ್ಲಾದ ಮೇಲೆ ಚೆನ್ನಾಗಿ ಬರುತ್ತದೆ. ಅದರಲ್ಲಿ ಕಾಶಿ ಕಾಂಚನ್ ಅನ್ನುವ ಗಿಡ್ಡ ತಳಿಗೆ ಚಪ್ಪರ ಬೇಡ. ಎಲೆ ಹಳದಿಯಾಗಿಸುವ ಗೋಲ್ಡನ್ ಮೊಸಾಯಿಕ್ ನಂಜನ್ನೂ ತಡೆಯುತ್ತದೆ.

ಯಾವುದೇ ತಳಿ ಹಾಕಿದರೂ ನೀರನ್ನು ಬೆಳಿಗ್ಗೆ ಬುಡಕ್ಕೇ ಕೊಡಿ. ರೋಗ ಬಂದ ಗಿಡದ ಬೀಜವನ್ನು ಮಾತ್ರ ಎತ್ತಿಡಬೇಡಿ, ಅಂಗಮಾರಿ ಬೀಜದಲ್ಲೇ ಮುಂದಿನ ಬೆಳೆಗೆ ಹೋಗುತ್ತದೆ.